ಜಾತಿ ಲೆಕ್ಕ ಇದೆ, ಆದರೆ ಅದೊಂದೇ ಅಲ್ಲ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯ ನಿಮ್ಮ ಊರಲ್ಲಿ ಒಂದೇ ಮನೆಯವರು ಪಂಚಾಯ್ತಿಗೆ ಒಂದು ಕಡೆ, ಎಂಎಲ್‌ಎಗೆ ಒಂದು ಕಡೆ, ಎಂಪಿಗೆ ಮತ್ತೊಂದು ಕಡೆ ಓಟು ಹಾಕುತ್ತಾರೆ, ಇದು ಬರೀ ಜಾತಿ ಲೆಕ್ಕಾನಾ ಅಂತ ಕೇಳಿದ್ದೀರಿ. ಅಲ್ಲ ರೀ.

ಗ್ರಾಮ ಪಂಚಾಯ್ತಿಯಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ. ಅಲ್ಲಿ ಓಣಿ, ಬೀಗತನ, ಹಳೆ ಜಗಳ, ಬೋರ್‌ವೆಲ್ ಮೋಟರ್ ಸುಟ್ಟಾಗ ಯಾರು ಓಡಿ ಬಂದರು, ಇಷ್ಟೇ. ಎಂಎಲ್‌ಎ ಅಂದರೆ ರೇಷನ್ ಕಾರ್ಡು, ಠಾಣೆ, ತಹಶೀಲ್ ಆಫೀಸಿಗೆ ಒಂದು ಫೋನು. ಎಂಪಿ ಓಟಿಗೆ ಮಾತ್ರ ದಿಲ್ಲಿ ಗಾಳಿ ಜಾಸ್ತಿ.

ನಿಮ್ಮ ಗುರುಮಠಕಲ್ ವಿಧಾನಸಭಾ ಕ್ಷೇತ್ರವನ್ನೇ ನೋಡಿ. ಕಾಂಗ್ರೆಸ್ಸಿನ ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ ಸತತ ಎಂಟು ಸಲ ಗೆದ್ದ ಜಾಗ ಅದು. 2018ರಲ್ಲಿ, ಮತ್ತೆ 2023ರಲ್ಲಿ ಜೆಡಿಎಸ್ ಗೆದ್ದಿತು. ನಡುವೆ 2019ರ ಲೋಕಸಭೆಯಲ್ಲಿ, ಗುರುಮಠಕಲ್ ಕೂಡ ಸೇರುವ ಕಲಬುರಗಿಯಿಂದ ಖರ್ಗೆಯವರೇ 95 ಸಾವಿರಕ್ಕೂ ಹೆಚ್ಚು ಓಟಿನಿಂದ ಸೋತರು, 2024ರಲ್ಲಿ ಅದೇ ಸೀಟು ಮತ್ತೆ ಕಾಂಗ್ರೆಸ್ಸಿಗೆ. ಜನರ ಜಾತಿ ಐದು ವರ್ಷಕ್ಕೆ ಬದಲಾಗುತ್ತಾ?

ಇನ್ನೊಂದು, ಗುಳೆ ಹೋದವರ ಲೆಕ್ಕ. ನಮ್ಮ ತಾಂಡಾದಲ್ಲಿ ಅರ್ಧ ಮನೆಗಳಿಗೆ ಬೀಗ, ಎಲ್ಲರೂ ಬೆಂಗಳೂರು, ಪುಣೆ ಕಟ್ಟಡ ಕೆಲಸದಲ್ಲಿ. ಹಿಂದಿನ ರಾತ್ರಿ ಕ್ರೂಸರ್‌ನಲ್ಲಿ ತುಂಬಿಕೊಂಡು ಬಂದು, ಬೆಳಿಗ್ಗೆ ಶಾಲೆ ಮುಂದೆ ಸಾಲು ನಿಂತು, ಬೆರಳಿನ ಶಾಯಿ ಒಣಗುವ ಮೊದಲೇ ವಾಪಸ್. ಗಾಡಿ ಬಾಡಿಗೆ ಯಾರು ಕೊಟ್ಟರು ಅನ್ನೋದನ್ನ ಇಲ್ಲಿ ಬರೆಯಲ್ಲ, ನಿಮಗೂ ಗೊತ್ತಲ್ವಾ.

ಸುಮ್ನೆ ಕಟ್ಟೆ ಮಾತು ನಂಬಬೇಡಿ. ಚುನಾವಣಾ ಆಯೋಗದ ನಮೂನೆ 20ರಲ್ಲಿ ಬೂತ್‌ವಾರು ಓಟು ಸಿಗುತ್ತದೆ, ನಿಮ್ಮ ಬೂತಿನ 2018, 2019ರ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.