32 ಬಿಟ್ ಲೈಬ್ರರಿ, 64 ಬಿಟ್ ಪ್ರೋಗ್ರಾಂ: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮಲ್ಲಿ ಹಳೆಯದೊಂದು ಲೆಕ್ಕಾಚಾರದ ಲೈಬ್ರರಿಯ 32 ಬಿಟ್ ಡಿಎಲ್‌ಎಲ್ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡ್‌ನ ಫೈಲ್) ಮಾತ್ರ ಉಳಿದಿದೆ, ಸೋರ್ಸ್ ಕೋಡ್ ಇಲ್ಲ. ಹೊಸ 64 ಬಿಟ್ ಪ್ರೋಗ್ರಾಂ ಅದನ್ನು ಲೋಡ್ ಮಾಡಲು ಹೋದಾಗ ವಿಂಡೋಸ್ 193ನೇ ದೋಷ ತೋರಿಸುತ್ತದೆ. ಯಾವ ಸೆಟ್ಟಿಂಗ್ ಬದಲಿಸಬೇಕು?

ಉತ್ತರ: ಅಂಥ ಸೆಟ್ಟಿಂಗ್ ಇಲ್ಲ. ಇದನ್ನೇ ಬೇರೆ ಬೇರೆ ಮಾತುಗಳಲ್ಲಿ ಎಷ್ಟೋ ಓದುಗರು ಕೇಳುತ್ತಲೇ ಇರುತ್ತಾರೆ, ಮತ್ತು ಕೇಳುವ ಮೊದಲೇ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವುದು, ಕಂಪ್ಯಾಟಿಬಿಲಿಟಿ ಮೋಡ್ ಹಾಕುವುದು, ರಿಜಿಸ್ಟ್ರಿ ತೊಳೆಯುವುದು ಎಲ್ಲವನ್ನೂ ಮುಗಿಸಿಕೊಂಡು ಬಂದಿರುತ್ತಾರೆ. ಅವಕ್ಕೂ ಈ ದೋಷಕ್ಕೂ ಸಂಬಂಧವೇ ಇಲ್ಲ. ಕೋಡನ್ನು ಮೆಮೊರಿಗೆ ತರುವ ಲೋಡರ್, ಫೈಲಿನ ಆರಂಭದಲ್ಲಿರುವ ವಿವರವನ್ನು, ಅಂದರೆ ಹೆಡರ್ ಅನ್ನು ಓದಿ, ಒಳಗಿರುವುದು ಬೇರೆ ಬಗೆಯ ಕೋಡ್ ಎಂದು ಕಂಡು, ಬಾಗಿಲಲ್ಲೇ ತಡೆಯುತ್ತದೆ; ಲಿನಕ್ಸ್ ಇದನ್ನೇ ‘ರಾಂಗ್ ಇಎಲ್‌ಎಫ್ ಕ್ಲಾಸ್’ ಎನ್ನುತ್ತದೆ (ಇಎಲ್‌ಎಫ್ ಎಂದರೆ ಅಲ್ಲಿನ ಪ್ರೋಗ್ರಾಂ ಫೈಲುಗಳ ರೂಪ). ತಡೆಯದೆ ಬಿಟ್ಟಿದ್ದರೆ, ನಿಮ್ಮ ಪ್ರೋಗ್ರಾಂ ಮೊದಲ ನಾಲ್ಕು ಆರ್ಗ್ಯುಮೆಂಟ್‌ಗಳನ್ನು (ಕರೆಯ ಜೊತೆ ಕೊಡುವ ಮೌಲ್ಯಗಳನ್ನು) ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗಳಲ್ಲಿಟ್ಟು ಕರೆಯುತ್ತಿತ್ತು, ಹಳೆಯ ಲೈಬ್ರರಿ ಅವನ್ನು ಮೆಮೊರಿಯ ಸ್ಟ್ಯಾಕ್‌ನಲ್ಲಿ ಹುಡುಕುತ್ತಿತ್ತು, 8 ಬೈಟ್‌ಗಳ ಪಾಯಿಂಟರ್ (ಮೆಮೊರಿಯ ವಿಳಾಸ) 4 ಬೈಟ್‌ಗಳ ಜಾಗದಲ್ಲಿ ಅರ್ಧಕ್ಕೆ ತುಂಡಾಗುತ್ತಿತ್ತು.

ಮೊದಲು ಒಂದು ಮರುಪ್ರಶ್ನೆ: ಪ್ರೋಗ್ರಾಂ 64 ಬಿಟ್ ಆಗಲೇಬೇಕೇ? ವಿಂಡೋಸ್‌ನಲ್ಲಿ 32 ಬಿಟ್ ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂಗೆ) ಸಾಮಾನ್ಯವಾಗಿ ದಕ್ಕುವ 2 ಜಿಬಿ ವಿಳಾಸದ ಜಾಗ ನಿಮ್ಮ ದತ್ತಾಂಶಕ್ಕೆ ಸಾಲುವುದಾದರೆ, ಇಡೀ ಪ್ರೋಗ್ರಾಮನ್ನು 32 ಬಿಟ್‌ಗೇ ಬಿಲ್ಡ್ ಮಾಡಿ ಮುಂದಿನ ಕೆಲಸ ನೋಡಿಕೊಳ್ಳಿ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಮ್ಯಾಕ್‌ನಲ್ಲಿ ಮಾತ್ರ ಈ ದಾರಿ 2019ರ ಕ್ಯಾಟಲಿನಾ ಆವೃತ್ತಿಯೊಂದಿಗೆ ಮುಚ್ಚಿಹೋಯಿತು.

64 ಬಿಟ್ ಆಗಲೇಬೇಕೆಂದಾದರೆ, ಡಿಎಲ್‌ಎಲ್ ಅನ್ನು ಲೋಡ್ ಮಾಡುವ ಪುಟ್ಟ 32 ಬಿಟ್ ಸಹಾಯಕ ಪ್ರೋಗ್ರಾಂ ಒಂದನ್ನು ಬರೆದು, ಅದು ಪ್ರತ್ಯೇಕ ಪ್ರೋಸೆಸ್ ಆಗಿ ನಡೆಯುತ್ತ ಪ್ರೋಸೆಸ್‌ಗಳ ನಡುವೆ ದತ್ತಾಂಶ ಸಾಗಿಸುವ ಪೈಪ್ ಅಥವಾ ಸಾಕೆಟ್ ಮೂಲಕ ನಿಮ್ಮ ಪ್ರೋಗ್ರಾಂ ಜೊತೆ ಮಾತಾಡುವಂತೆ ಮಾಡಬೇಕು. ಪ್ರತಿ ಕರೆಯೂ ಒಂದು ಪ್ರೋಸೆಸ್‌ನಿಂದ ಇನ್ನೊಂದಕ್ಕೆ ದಾಟಬೇಕಾದ್ದರಿಂದ, ಸಾವಿರ ಸಣ್ಣ ಕರೆಗಳನ್ನು ಒಂದೇ ಕಂತಿನಲ್ಲಿ ಕಳಿಸುವುದನ್ನು ಆರಂಭದಲ್ಲೇ ಯೋಚಿಸಿ.

ಬಹಳ ಮಂದಿ ಎಡವುವುದು ಇದಾದ ಮೇಲೆ. ಪೈಪ್ ಸಿಕ್ಕಿತೆಂದು ಮೆಮೊರಿಯಲ್ಲಿದ್ದ ಸ್ಟ್ರಕ್ಟ್ ಅನ್ನು (ಹಲವು ಅಂಶಗಳ ಒಂದು ಕಟ್ಟನ್ನು) ಇದ್ದಂತೆಯೇ ಅದರೊಳಗೆ ಸುರಿಯುತ್ತಾರೆ. ಸಿ ಭಾಷೆಯ ‘ಲಾಂಗ್’ ಎಂಬ ಪೂರ್ಣಾಂಕ 64 ಬಿಟ್ ವಿಂಡೋಸ್‌ನಲ್ಲೂ 4 ಬೈಟ್‌ಗಳಾಗಿಯೇ ಉಳಿಯುತ್ತದೆ, 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್‌ಗಳಾಗುತ್ತದೆ. ಹೀಗಾಗಿ ಒಂದು ಕಡೆ ಪರೀಕ್ಷೆ ಗೆದ್ದ ಕೋಡ್ ಇನ್ನೊಂದು ಕಡೆ ಸೋಲುತ್ತದೆ. ಅಗಲ ನಿಗದಿಯಾದ ಪೂರ್ಣಾಂಕಗಳನ್ನೇ ಬಳಸಿದ್ದೇವೆ ಎನ್ನುವವರಿಗೂ ನೆಮ್ಮದಿಯಿಲ್ಲ: ಒಂದು 32 ಬಿಟ್ ಸಂಖ್ಯೆ, ಅದರ ನಂತರ ಒಂದು 64 ಬಿಟ್ ಸಂಖ್ಯೆ ಇರುವ ಸ್ಟ್ರಕ್ಟ್, ಇಂಟೆಲ್ ಬಗೆಯ 32 ಬಿಟ್ ಲಿನಕ್ಸ್‌ನಲ್ಲಿ 12 ಬೈಟ್‌ಗಳಾದರೆ 64 ಬಿಟ್‌ನಲ್ಲಿ 16 ಆಗುತ್ತದೆ, ಏಕೆಂದರೆ ಎರಡನೆಯದರಲ್ಲಿ ಕಂಪೈಲರ್ ನಡುವೆ 4 ಖಾಲಿ ಬೈಟ್‌ಗಳನ್ನು ತುಂಬುತ್ತದೆ. ಒಮ್ಮೆ ನಾನೇ ಇಂಥ ಸ್ಟ್ರಕ್ಟ್ ಅನ್ನು ನೇರವಾಗಿ ಫೈಲಿಗೆ ಬರೆದು, ಇನ್ನೊಂದು ಅಗಲದ ಪ್ರೋಗ್ರಾಮಿನಿಂದ ಓದಿಸಿದ್ದೆ. ದೋಷಸಂದೇಶ ಒಂದೂ ಬರಲಿಲ್ಲ, ಮೊತ್ತಗಳಷ್ಟೇ ತಪ್ಪಿದ್ದವು. ಅಂದಿನಿಂದ ಪ್ರತಿ ಅಂಶವನ್ನೂ ಬಿಡಿಬಿಡಿಯಾಗಿ, ಬೈಟ್‌ಗಳ ಕ್ರಮವನ್ನು ಗೊತ್ತುಮಾಡಿ, ಮೊದಲಿಗೆ ಆವೃತ್ತಿ ಸಂಖ್ಯೆ ಮತ್ತು ಉದ್ದವನ್ನಿಟ್ಟು ಬರೆಯುತ್ತೇನೆ. ಇದು ಅತಿ ಎಚ್ಚರಿಕೆ ಎನ್ನುವವರ ಜೊತೆ ವಾದಕ್ಕಿಳಿಯುವುದಿಲ್ಲ. ಪಾಯಿಂಟರ್ ಅನ್ನಂತೂ ಗಡಿ ದಾಟಿಸಲೇಬೇಡಿ. ಆ ವಿಳಾಸಕ್ಕೆ ಆಚೆಯ ಪ್ರೋಸೆಸ್‌ನಲ್ಲಿ ಅರ್ಥವೇ ಇಲ್ಲ.

ಪ್ರಶ್ನೆ: 32 ಬಿಟ್ ಡಿಎಲ್‌ಎಲ್ ಅನ್ನು 64 ಬಿಟ್‌ಗೆ ಪರಿವರ್ತಿಸುವ ಸಾಫ್ಟ್‌ವೇರ್ ಮಾರಾಟಕ್ಕಿದೆಯಂತೆ, ಕೊಳ್ಳಬಹುದೇ?

ಉತ್ತರ: ಬೇಡ.

ಪ್ರಶ್ನೆ: ಡಿಎಲ್‌ಎಲ್ ಉಚಿತವಾಗಿ ಸಿಗುವ ಜಾಲತಾಣದಿಂದ 32 ಬಿಟ್ ಫೈಲನ್ನು ಇಳಿಸಿಕೊಂಡು ಸಿಸ್ಟಮ್32 ಫೋಲ್ಡರ್‌ಗೆ ಹಾಕಿದರೂ ದೋಷ ಹೋಗಲಿಲ್ಲ.

ಉತ್ತರ: 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಎಂಬುದು 64 ಬಿಟ್ ಲೈಬ್ರರಿಗಳ ಫೋಲ್ಡರ್, ಸಿಸ್‌ವಾವ್64 ಎಂಬುದು 32 ಬಿಟ್‌ನವುಗಳದ್ದು, ಹೆಸರು ನೋಡಿ ಊಹಿಸಿದರೆ ತಲೆಕೆಳಗಾಗುವುದು ಖಚಿತ. ಆದರೆ ನಿಮ್ಮ ದೊಡ್ಡ ತಪ್ಪು ಅದಲ್ಲ. ಯಾರು ಬಿಲ್ಡ್ ಮಾಡಿದರೆಂದೇ ತಿಳಿಯದ ಕೋಡನ್ನು ಸಿಸ್ಟಮ್ ಫೋಲ್ಡರ್‌ನಲ್ಲಿ ಕೂರಿಸಿದ್ದೀರಿ. ಅದನ್ನು ಅಳಿಸಿ, ಯಂತ್ರವನ್ನು ಸ್ಕ್ಯಾನ್ ಮಾಡಿ, ಮೂಲ ತಯಾರಕರ ಇನ್‌ಸ್ಟಾಲರ್ ಬಳಸಿ.

ಪ್ರಶ್ನೆ: ಲೈಬ್ರರಿಯನ್ನೂ ಪೈಥಾನ್ ಅನ್ನೂ 64 ಬಿಟ್‌ಗೆ ಬದಲಿಸಿದ್ದೇವೆ. ಪೈಥಾನ್‌ನಿಂದ ಸಿ ಲೈಬ್ರರಿಗಳನ್ನು ಕರೆಯುವ ಸಿಟೈಪ್ಸ್ ಮೂಲಕ ಮೊದಲು ಸರಿಯಾಗಿ ನಡೆಯುತ್ತಿದ್ದ ಕರೆ ಈಗ ಕ್ರ್ಯಾಶ್ ಆಗುತ್ತಿದೆ.

ಉತ್ತರ: ಫಂಕ್ಷನ್ ಏನನ್ನು ಮರಳಿಸುತ್ತದೆಂದು ನೀವು ಘೋಷಿಸದಿದ್ದರೆ ಸಿಟೈಪ್ಸ್ ಅದನ್ನು ‘ಇಂಟ್’ (4 ಬೈಟ್‌ಗಳ ಪೂರ್ಣಾಂಕ) ಎಂದೇ ಭಾವಿಸುತ್ತದೆ, ಮರಳಿಬಂದ ಪಾಯಿಂಟರ್‌ನ ಮೇಲಿನ 4 ಬೈಟ್‌ಗಳು ಕಳೆದುಹೋಗುತ್ತವೆ. 32 ಬಿಟ್‌ನಲ್ಲಿ ಎರಡರ ಅಗಲವೂ ಒಂದೇ ಆಗಿದ್ದರಿಂದ ತಪ್ಪು ಅಡಗಿಕೊಂಡಿತ್ತು. ಮರಳುವ ಬಗೆಯನ್ನೂ ಆರ್ಗ್ಯುಮೆಂಟ್‌ಗಳ ಬಗೆಯನ್ನೂ ಪ್ರತಿ ಫಂಕ್ಷನ್‌ಗೂ ಬರೆಯಿರಿ.