ಕರಾಟೆ ಕಲಿತರೆ ಮನುಷ್ಯ ನಿಜವಾಗಿಯೂ ಬದಲಾಗುತ್ತಾನಾ?

ಎಂಟು ತಿಂಗಳಿಂದ ಕರಾಟೆ ಕ್ಲಾಸಿಗೆ ಹೋಗುತ್ತಿದ್ದೀರಿ. ಬೆವರು, ಮೈಕೈ ನೋವು ಬಿಟ್ಟರೆ ಏನೂ ಬಂದಿಲ್ಲ. ಆತ್ಮವಿಶ್ವಾಸ ಬರುತ್ತೆ, ನಮ್ಮನ್ನು ನಾವೇ ತಿಳಿದುಕೊಳ್ಳುತ್ತೇವೆ ಅನ್ನೋದೆಲ್ಲ ಸುಮ್ನೆ ಮಾತಾ ಅಂತ ಕೇಳಿದ್ದೀರಿ.

ಪೂರ್ತಿ ಸುಮ್ನೆ ಅಲ್ಲ. ಆದರೆ ನಮ್ಮ ಬಗ್ಗೆ ತಿಳಿಯುವುದು ಅಂದ ಕೂಡಲೇ ಏನೋ ಒಳ್ಳೆಯದೇ ತಿಳಿಯುತ್ತೆ ಅಂದುಕೊಂಡಿರುತ್ತೇವೆ. ನನಗೆ ಮೊದಲು ತಿಳಿದಿದ್ದು, ನನಗೆ ಕಾಯಲು ಬರುವುದಿಲ್ಲ ಅಂತ. ಅದು ತಿಳಿಯಲು ಎರಡು ವರ್ಷ ಹಿಡಿಯಿತು.

ನಾನು ಕಲಿಯುವುದು ಶೋಟೋಕಾನ್ ಶೈಲಿ. ನಮ್ಮಲ್ಲಿ ಗೋಹಾನ್ ಕುಮಿಟೆ ಅಂತ ಒಂದು ಅಭ್ಯಾಸ ಇದೆ, ನೀವೂ ಮಾಡಿರಬಹುದು. ಎದುರಿನವರು ‘ಜೋಡಾನ್’ ಅಂತ ಹೇಳಿಯೇ ಮುಖದ ಕಡೆ ಗುದ್ದುತ್ತಾ ಐದು ಹೆಜ್ಜೆ ಮುಂದೆ ಬರುತ್ತಾರೆ. ನಾವು ಐದು ಹೆಜ್ಜೆ ಹಿಂದೆ ಸರಿಯುತ್ತಾ ಆಗೆ ಉಕೆಯಿಂದ, ಅಂದರೆ ಮುಂಗೈ ಮೇಲೆತ್ತಿ, ಪ್ರತಿ ಗುದ್ದನ್ನೂ ತಡೆಯಬೇಕು. ಐದನೆಯದಾದ ಮೇಲೆ ನಮ್ಮದೊಂದು ಗುದ್ದು, ಕಿಯಾಯ್ ಅಂತ ಒಂದು ಕೂಗು, ಮುಗಿಯಿತು. ಯಾರು ಹೊಡೆಯುತ್ತಾರೆ, ಎಲ್ಲಿಗೆ, ಎಷ್ಟು ಸಲ, ಎಲ್ಲ ಮೊದಲೇ ಗೊತ್ತಿರುತ್ತದೆ. ಇದಕ್ಕಿಂತ ಸುಲಭದ್ದು ಬೇರೆ ಇಲ್ಲ ಅಂದುಕೊಂಡಿದ್ದೆ.

ಒಂದು ದಿನ ಸೆನ್ಸೈ, ಅಂದರೆ ನಮ್ಮ ಗುರುಗಳು, ನನ್ನ ಜೊತೆಗಾರನ ಕಿವಿಯಲ್ಲಿ ಏನೋ ಹೇಳಿದರು. ಅವನು ‘ಜೋಡಾನ್’ ಅಂದ, ಆಮೇಲೆ ಅಲುಗಾಡದೆ ನಿಂತ. ನಾನು ಒಂದು ಹೆಜ್ಜೆ ಹಿಂದೆ ಹೋಗಿ, ಕೈ ಎತ್ತಿ, ತಡೆದು ನಿಂತಿದ್ದೆ. ಯಾವುದನ್ನು? ಗಾಳಿಯನ್ನು. ಎಲ್ಲರೂ ನಕ್ಕರು. ಸೆನ್ಸೈ ಮಾತ್ರ ನಗದೆ, ‘ಅವನು ಇನ್ನೂ ಹೊರಟೇ ಇಲ್ಲ’ ಅಂದರು.

ಅದೇ ವಾರ ತಂಗಿ ಫೋನಿನಲ್ಲಿ ಏನೋ ಹೇಳುತ್ತಿದ್ದಳು. ನಾನು ಉದ್ದಕ್ಕೆ ಸಮಜಾಯಿಷಿ ಕೊಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಇನ್ನೂ ಏನೂ ಕೇಳೇ ಇಲ್ವಲ್ಲ’ ಅಂದಳು. ಫೋನ್ ಕೆಳಗಿಟ್ಟ ಮೇಲೆ ನನ್ನ ಬಲಗೈ ಕಡೆ ನೋಡಿಕೊಂಡೆ, ನಿಜವಾಗಿಯೂ. ಅಲ್ಲಿಯವರೆಗೆ ಇದನ್ನೆಲ್ಲ ನನ್ನ ಚುರುಕುತನ ಅಂದುಕೊಂಡಿದ್ದೆ. ಬೇರೆಯವರ ವಾಕ್ಯ ಮುಗಿಯುವ ಮೊದಲೇ ಉತ್ತರ ಸಿದ್ಧ. ಯಾರೂ ಬೈಯದಿದ್ದರೂ ಸಮರ್ಥನೆ ಸಿದ್ಧ. ಅದು ಚುರುಕಲ್ಲ, ಹೆದರಿಕೆ.

ಗುದ್ದಿನ ಹೆದರಿಕೆಯೂ ಅಲ್ಲ ಅಂತ ಆಮೇಲೆ ತಿಳಿಯಿತು. ತಡವಾಗಿ ತಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಾಗ ಒಮ್ಮೆ ಲೆಕ್ಕ ತಪ್ಪಿ ತುಟಿ ಒಡೆಯಿತು. ಸ್ವಲ್ಪ ರಕ್ತ, ಸ್ವಲ್ಪ ಉರಿ, ಅಷ್ಟೇ. ಏಟು ಒಂದು ಕ್ಷಣದ್ದು. ಅದು ಬರುವ ಮುಂಚಿನ ಕ್ಷಣವನ್ನು ನನ್ನಿಂದ ಸಹಿಸಲು ಆಗುತ್ತಿರಲಿಲ್ಲ. ಅದನ್ನು ಬೇಗ ಮುಗಿಸಿಬಿಡೋಣ ಅಂತಲೇ ಕೈ ತಾನಾಗಿ ಮೇಲೇಳುತ್ತಿತ್ತು.

ಶೋಟೋಕಾನ್ ಕಟ್ಟಿದ ಗಿಚಿನ್ ಫುನಾಕೋಶಿ ಶಿಷ್ಯರಿಗೆ 20 ಸೂತ್ರ ಹಾಕಿಕೊಟ್ಟಿದ್ದರು. ಅದರಲ್ಲಿ ಎರಡನೆಯದು, ಕರಾಟೆಯಲ್ಲಿ ಮೊದಲ ಏಟು ಇಲ್ಲ ಅಂತ. ಕಟಾ ಅಂದರೆ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ; ಹೆಯಾನ್ ಅನ್ನುವ ಐದೂ ಕಟಾಗಳು ತಡೆಯುವ ಚಲನೆಯಿಂದಲೇ ಶುರುವಾಗುತ್ತವೆ, ಗಮನಿಸಿದ್ದೀರಾ? ನಾವಾಗಿ ಜಗಳ ತೆಗೆಯಬಾರದು ಅನ್ನುವ ಬುದ್ಧಿಮಾತು ಅಂತ ಆ ಸೂತ್ರವನ್ನು ಓದಿ ಮುಂದೆ ಹೋಗಿದ್ದೆ. ನಾನು ಯಾರಿಗೂ ಹೊಡೆಯುವವನಲ್ಲ, ನನಗಲ್ಲ ಬಿಡಿ ಅಂದುಕೊಂಡಿದ್ದೆ. ತಡೆಯುವುದರಲ್ಲೂ ನಾನೇ ಮೊದಲು ನುಗ್ಗುತ್ತಿದ್ದೆ ಅನ್ನೋದು ಹೊಳೆಯಲೇ ಇಲ್ಲ.

ಬೆಲ್ಟಿನ ಬಗ್ಗೆಯೂ ಕೇಳಿದ್ದೀರಿ. ಬಣ್ಣ ಬದಲಾದಾಗ ಖುಷಿ ಆಗುತ್ತೆ, ಒಂದು ವಾರ ಇರುತ್ತೆ. ಬೆಲ್ಟ್ ಕೊಡುವ ಪದ್ಧತಿ ಮೂಲತಃ ಜೂಡೋದ್ದು, ಕರಾಟೆಗೆ ಬಂದದ್ದು 1920ರ ದಶಕದಲ್ಲಿ. ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ.

ಕಟಾವನ್ನು ಮಾತ್ರ ಬಿಡಬೇಡಿ. ನಿಮಗೆ ಬೋರ್ ಹೊಡೆಸುತ್ತಿದೆಯಲ್ಲ, ಆ ಹೆಯಾನ್ ಶೋಡಾನ್, ಅದನ್ನೇ. ಒಟ್ಟು 21 ಚಲನೆ. ನಡುವೆ ಮೂರು ಹೆಜ್ಜೆ ಆ ಕಡೆ ತಡೆಯುತ್ತಾ ಹೋಗುತ್ತೀರಿ, ಆಮೇಲೆ ಮೂರು ಹೆಜ್ಜೆ ಈ ಕಡೆ ಗುದ್ದುತ್ತಾ ಬರುತ್ತೀರಿ. ಕೊನೆಗೆ ಶುರುವಾದ ಜಾಗದಲ್ಲೇ ನಿಲ್ಲಬೇಕು. ನೆಲದ ಮೇಲೆ ಒಂದು ಟೇಪ್ ತುಂಡು ಅಂಟಿಸಿ ಮಾಡಿ ನೋಡಿ. ನಾನು ಒಂದೂವರೆ ಅಡಿ ಆಚೆಯೇ ನಿಲ್ಲುತ್ತಿದ್ದೆ. ಹೋಗುವಾಗಿನ ಹೆಜ್ಜೆ ಉದ್ದ, ಬರುವಾಗಿನದು ಗಿಡ್ಡ. ಹದಿನಾಲ್ಕನೇ ಚಲನೆಗೆ ಬರುವ ಹೊತ್ತಿಗೆ ತೊಡೆ ಉರಿಯುತ್ತಿರುತ್ತದೆ, ಮನಸ್ಸು ಆಗಲೇ ಮುಗಿಸಿ ನೀರಿನ ಬಾಟಲಿ ಹತ್ತಿರ ಹೋಗಿರುತ್ತದೆ. ಆತ್ಮವಿಮರ್ಶೆ ಅಂತ ಡೈರಿಯಲ್ಲಿ ನಾನು ಬರೆದದ್ದರಲ್ಲಿ ಅರ್ಧ ನನಗೆ ನಾನೇ ಹೇಳಿಕೊಂಡ ಸುಳ್ಳು. ಟೇಪಿನ ಹತ್ತಿರ ಆ ಆಟ ನಡೆಯುವುದಿಲ್ಲ.

ಇನ್ನು ಆತ್ಮವಿಶ್ವಾಸ. ಬೀದಿಯಲ್ಲಿ ಯಾರಾದರೂ ಮೈಮೇಲೆ ಬಂದರೆ ಮಲಗಿಸಿಬಿಡುತ್ತೇನೆ ಅನ್ನುವ ಧೈರ್ಯ ನನಗೆ ಬಂದಿಲ್ಲ. ಮೊದಲಿಗಿಂತ ಕಡಿಮೆಯೇ ಆಗಿದೆ ಅನ್ನಬಹುದು, ಗುದ್ದು ಎಷ್ಟು ಬೇಗ ಬರುತ್ತೆ ಅಂತ ಈಗ ಗೊತ್ತಲ್ಲ! ಬಂದಿರುವುದು ಒಂದು ಉಸಿರಿನಷ್ಟು ಜಾಗ. ಯಾರಾದರೂ ದನಿ ಏರಿಸಿದರೆ ಭುಜ ಬಿಗಿಯಾಗುವುದು ಈಗ ನನಗೆ ಗೊತ್ತಾಗುತ್ತದೆ. ಗೊತ್ತಾದರೆ ಕೆಲವೊಮ್ಮೆ ಇಳಿಸಲೂ ಆಗುತ್ತದೆ. ಎಲ್ಲ ಸಲ ಅಲ್ಲ. ಹೋದ ತಿಂಗಳು ಆಫೀಸಿನ ಮೀಟಿಂಗಿನಲ್ಲಿ ಮತ್ತೆ ಗಾಳಿಯನ್ನು ತಡೆದು ಬಂದೆ.

ಎಂಟು ತಿಂಗಳಲ್ಲಿ ಏನೂ ಆಗಿಲ್ಲ ಅನ್ನುತ್ತೀರಿ. ಮುಂದಿನ ಕ್ಲಾಸಿನಲ್ಲಿ ಜೊತೆಗಾರರಿಗೆ ಹೇಳಿ, ಗೋಹಾನ್ ಕುಮಿಟೆಯನ್ನು ಅರ್ಧ ವೇಗದಲ್ಲಿ ಮಾಡೋಣ, ಒಂದೊಂದು ಗುದ್ದಿಗೂ ಬೇಕೆಂದೇ ತಡ ಮಾಡಿ ಅಂತ. ಆಗ ನಿಮ್ಮ ಉಸಿರು ಎಲ್ಲಿ ನಿಲ್ಲುತ್ತದೆ, ಕಣ್ಣು ಎಲ್ಲಿಗೆ ಓಡುತ್ತದೆ, ಯಾವ ಪಾದ ಮೊದಲು ಮೋಸ ಮಾಡುತ್ತದೆ, ನೋಡಿಕೊಳ್ಳಿ. ನಿಮಗೆ ಕಾಣುವುದು ನನ್ನದಕ್ಕಿಂತ ಬೇರೆಯೇ ಇರಬಹುದು. ನಮ್ಮ ಡೋಜೊದಲ್ಲಿ, ಅಂದರೆ ಕರಾಟೆ ಶಾಲೆಯಲ್ಲಿ, ಒಬ್ಬರಿಗೆ ಕೊನೆಯ ಗುದ್ದು ಕೊಡಲು ಕೈಯೇ ಬರುತ್ತಿರಲಿಲ್ಲ, ಐದನ್ನೂ ಚೆನ್ನಾಗಿ ತಡೆದು ‘ಸಾರಿ’ ಅನ್ನುತ್ತಿದ್ದರು.

ನನ್ನ ಟೇಪ್ ಇನ್ನೂ ನೆಲದ ಮೇಲಿದೆ. ಮೊನ್ನೆ ನೋಡಿದಾಗ ಒಂದು ಗೇಣು ಆಚೆ ಇದ್ದೆ.