ಮಂಗಳೂರಿನಿಂದ ವಾಪಸ್ ಹೋದ ಸಂತ

ಪ್ರಶ್ನೆ: ಪ್ಯಾಲೆಸ್ಟೀನಿನ ಸಂತ ಮರಿಯಂ ಬವಾರ್ದಿ ಸ್ವಲ್ಪ ಕಾಲ ನಮ್ಮ ಮಂಗಳೂರಿನ ಮಠದಲ್ಲಿದ್ದರು, ಆಮೇಲೆ ಅವರನ್ನು ಇಲ್ಲಿಂದ ಕಳಿಸಿಬಿಟ್ಟರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ನಿಜವಾ? ಯಾಕೆ ಕಳಿಸಿದರು?
– ಓದುಗರು, ಮಂಗಳೂರು

ಉತ್ತರ: ಅಜ್ಜಿ ಹೇಳಿದ್ದು ನಿಜ. 1870ರ ಕೊನೆಯಿಂದ 1872ರವರೆಗೆ ಅವರು ಮಂಗಳೂರಿನಲ್ಲೇ ಇದ್ದರು. ಆದರೆ ಇಲ್ಲಿಗೆ ಬರುವ ಮುಂಚಿನ ಕಥೆ ಕೇಳಿ.

ಹುಟ್ಟಿದ್ದು 1846ರಲ್ಲಿ, ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಮೊದಲು ಹುಟ್ಟಿದ ಹನ್ನೆರಡು ಗಂಡುಮಕ್ಕಳೂ ಎಳವೆಯಲ್ಲೇ ತೀರಿಹೋಗಿದ್ದವು. ಅಪ್ಪ ಅಮ್ಮ ಬೆತ್ಲೆಹೇಮಿನವರೆಗೂ ನಡೆದುಕೊಂಡು ಹೋಗಿ ಮಾತೆ ಮರಿಯಮ್ಮನ ಹತ್ತಿರ ಬೇಡಿಕೊಂಡ ಮೇಲೆ ಹುಟ್ಟಿದ ಮಗಳು, ಅದಕ್ಕೇ ಆ ಹೆಸರು. ಮಗುವಿಗೆ ಮೂರು ವರ್ಷ ಆಗುವ ಹೊತ್ತಿಗೆ ಇಬ್ಬರೂ ಇಲ್ಲ. ಅಪ್ಪನ ಕಡೆಯವರು ಸಾಕಿದರು. ಒಂದು ದಿನ ಪುಟ್ಟ ಹಕ್ಕಿಗಳಿಗೆ ಸ್ನಾನ ಮಾಡಿಸಲು ಹೋಗಿ, ಪಾಪ, ಅವು ಸತ್ತೇ ಹೋದವು. ಅಳುತ್ತಾ ಮಣ್ಣು ಮಾಡುತ್ತಿದ್ದಾಗ, ಎಲ್ಲವೂ ಹೀಗೇ ಹೋಗಿಬಿಡುತ್ತದೆ, ನಿನ್ನ ಮನಸ್ಸು ನನಗೆ ಕೊಟ್ಟರೆ ನಾನು ಯಾವಾಗಲೂ ಇರುತ್ತೇನೆ ಎಂಬ ದನಿ ಒಳಗೆ ಕೇಳಿಸಿತಂತೆ.

ಹನ್ನೆರಡು ಹದಿಮೂರಕ್ಕೆ ಮದುವೆ ಗೊತ್ತು ಮಾಡಿದರು. ಹುಡುಗಿ ಕೂದಲು ಕತ್ತರಿಸಿಕೊಂಡು ಒಲ್ಲೆ ಎಂದಳು. ಸಿಟ್ಟಿಗೆದ್ದ ಮನೆಯವರು ಆಳುಗಳ ಜೊತೆ ಅಡುಗೆಮನೆ ಕೆಲಸಕ್ಕೆ ಹಾಕಿದರು. 1858ರಲ್ಲಿ, ಧರ್ಮ ಬದಲಿಸು ಎಂದು ಒತ್ತಾಯಿಸಿದ ಒಬ್ಬ ಮನುಷ್ಯನಿಗೆ ಆಗಲ್ಲ ಎಂದಿದ್ದಕ್ಕೆ ಅವನು ಗಂಟಲು ಸೀಳಿ ಬಿಸಾಡಿದ. ಎಚ್ಚರವಾದಾಗ ಒಂದು ಗವಿಯಲ್ಲಿದ್ದೆ, ನೀಲಿ ಉಡುಪಿನ ಸಿಸ್ಟರ್ ಒಬ್ಬರು ಗಾಯಕ್ಕೆ ಹೊಲಿಗೆ ಹಾಕಿ ಸೂಪು ಕುಡಿಸಿದರು ಎಂದು ಮರಿಯಂ ಆಮೇಲೆ ಹೇಳುತ್ತಿದ್ದರು. ಅದು ಮಾತೆ ಮರಿಯಮ್ಮನೇ ಎಂದು ಅವರ ನಂಬಿಕೆ. ಗಂಟಲ ಮೇಲಿನ ಆ ಕಲೆ ಸಾಯುವವರೆಗೂ ಇತ್ತು.

ಆಮೇಲೆ ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೇಲ್ಸ್, ಎಲ್ಲಾ ಕಡೆ ಮನೆಗೆಲಸ. ಓದು ಬರಹ ಇಲ್ಲ, ಫ್ರೆಂಚ್ ಅರ್ಧಂಬರ್ಧ. ಮಾರ್ಸೇಲ್ಸಿನ ಮಠ ಸೇರಿದರೆ ಅಲ್ಲಿ ಪ್ರಾರ್ಥನೆಯಲ್ಲಿ ಮೈಮರೆಯುವುದು, ಕೈಕಾಲುಗಳಲ್ಲಿ ಯೇಸುವಿನ ಪಂಚಗಾಯಗಳು ಕಾಣಿಸಿಕೊಳ್ಳುವುದು ಶುರುವಾಯಿತು. ಅವರು ಮಾತ್ರ ಅದನ್ನು ಕಾಯಿಲೆ ಎಂದುಕೊಂಡಿದ್ದರು! ಆ ಮಠ ಇಟ್ಟುಕೊಳ್ಳಲಿಲ್ಲ. ಆಗ ಕೈ ಹಿಡಿದವರು ಮದರ್ ವೆರೋನಿಕಾ. ನಿಮ್ಮೂರಿನ ಸೇಂಟ್ ಆಗ್ನೆಸ್ ಕಾಲೇಜು ನಡೆಸುವ ಅಪೊಸ್ತಲಿಕ್ ಕಾರ್ಮೆಲ್ ಎಂಬ ಸಿಸ್ಟರುಗಳ ಸಭೆಯನ್ನು ಕಟ್ಟಿದವರು ಇವರೇ. 1867ರಲ್ಲಿ ಮರಿಯಂ ಅವರನ್ನು ಫ್ರಾನ್ಸಿನದೇ ಪೋ ಊರಿನ ಕಾರ್ಮೆಲ್ ಮಠಕ್ಕೆ, ಅಂದರೆ ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಬದುಕುವ ಸಿಸ್ಟರುಗಳ ಮಠಕ್ಕೆ, ಕರೆದೊಯ್ದರು.

ಅಲ್ಲಿಂದ 1870ರಲ್ಲಿ ಮಂಗಳೂರಿನಲ್ಲಿ ಮಠ ಕಟ್ಟಲು ಹಡಗು ಹತ್ತಿದ ಗುಂಪಿನಲ್ಲಿ ಮರಿಯಂ ಇದ್ದರು. ಪ್ರಯಾಣದಲ್ಲೇ ಮೂವರು ಸಿಸ್ಟರುಗಳು ತೀರಿಕೊಂಡರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಮರಿಯಂ ಸನ್ಯಾಸದ ವ್ರತ ತೊಟ್ಟರು. ಆದರೆ ಅಡುಗೆ ಮಾಡುತ್ತಾ, ಕೆಲಸ ಮಾಡುತ್ತಾ ಇದ್ದ ಹಾಗೇ ಮೈಮರೆಯುವುದು ನಿಲ್ಲಲಿಲ್ಲ. ಮೊದಲು ನಂಬಿದ್ದ ಹಿರಿಯರು, ಬಿಷಪ್ ಕೂಡ, ಇದೆಲ್ಲ ಭ್ರಮೆ ಅಥವಾ ಸೈತಾನನ ಆಟ ಎಂದುಕೊಂಡರು. 1872ರಲ್ಲಿ ಪೋ ಮಠಕ್ಕೆ ವಾಪಸ್ ಕಳಿಸಿದರು. ಸಮುದ್ರ ದಾಟಿ ಬಂದ, ಓದಲು ಬಾರದ ಹೆಣ್ಣುಮಗಳು, ನಂಬಿದವರೇ ಅನುಮಾನಪಟ್ಟಾಗ ಎಷ್ಟು ಒಂಟಿಯಾಗಿರಬೇಕು ಅಲ್ವಾ? ನನಗೆ ಅವರ ಬದುಕಿನಲ್ಲಿ ಜಾಸ್ತಿ ಕಾಡುವುದು ಗಂಟಲ ಗಾಯಕ್ಕಿಂತ ಈ ಎರಡು ವರ್ಷ.

ಪ್ರಶ್ನೆ: ಇಂಥ ದರ್ಶನಗಳನ್ನೆಲ್ಲ ಕಥೋಲಿಕರು ನಂಬಲೇಬೇಕಾ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲ. ಒಬ್ಬರಿಗೆ ಆದ ದರ್ಶನವನ್ನು ನಂಬಲೇಬೇಕು ಎಂದು ಧರ್ಮಸಭೆ ಕಡ್ಡಾಯ ಮಾಡುವುದಿಲ್ಲ. ಸಂತ ಪದವಿ ಕೊಡುವಾಗ ನೋಡುವುದು ಬದುಕನ್ನು: ಪ್ರೀತಿ, ತಾಳ್ಮೆ, ವಿಧೇಯತೆ. ಪೋ ಮಠದ ತೋಟದಲ್ಲಿ ಮರಿಯಂ ಒಂದು ಮರದ ತುತ್ತತುದಿಗೆ ಏರಿ ಹಾಡುತ್ತಿದ್ದರಂತೆ, ಕೆಳಗಿನಿಂದ ಮೇಲ್ವಿಚಾರಕಿ ವಿಧೇಯತೆಯ ಹೆಸರಿನಲ್ಲಿ ಇಳಿದು ಬಾ ಎಂದರೆ ತಕ್ಷಣ ಇಳಿಯುತ್ತಿದ್ದರಂತೆ. ಮರ ಹತ್ತಿದ್ದು ಹೇಗೆ ಎಂದು ನೀವು ಕೇಳುತ್ತೀರಿ. ನನಗೆ ಆ ಇಳಿಯುವುದೇ ಮುಖ್ಯ. ತಮ್ಮನ್ನು ಅವರು ಕರೆದುಕೊಳ್ಳುತ್ತಿದ್ದದ್ದು 'ಪುಟ್ಟ ಏನೂ ಅಲ್ಲದವಳು' ಎಂದು. ಪವಿತ್ರಾತ್ಮನ ಮೇಲೆ ಅವರಿಗಿದ್ದ ಭಕ್ತಿ ಎಷ್ಟೆಂದರೆ, ಆ ಭಕ್ತಿಯನ್ನು ಎಲ್ಲೆಡೆ ಬೆಳೆಸಿ ಎಂದು ಮರಿಯಂ ಪೋಪ್ ಒಂಬತ್ತನೇ ಪಿಯುಸ್ ಅವರಿಗೇ ಹೇಳಿ ಕಳಿಸಿದರು.

1875ರಲ್ಲಿ ಬೆತ್ಲೆಹೇಮಿನಲ್ಲಿ ಮಠ ಕಟ್ಟಲು ಹೋದರು. ಬಂದಿದ್ದ ಸಿಸ್ಟರುಗಳಲ್ಲಿ ಅರಬ್ಬಿ ಗೊತ್ತಿದ್ದದ್ದು ಇವರೊಬ್ಬರಿಗೇ, ಹಾಗಾಗಿ ಕಟ್ಟಡದ ಉಸ್ತುವಾರಿ ಇವರದೇ. 1878ರ ಆಗಸ್ಟ್ ತಿಂಗಳ ಬಿಸಿಲಲ್ಲಿ ಕೆಲಸದವರಿಗೆ ಕುಡಿಯುವ ನೀರು ಹೊತ್ತೊಯ್ಯುವಾಗ ಜಾರಿ ಬಿದ್ದು ತೋಳು ಮುರಿಯಿತು. ಗಾಯ ಕೊಳೆಯಿತು. ಆಗಸ್ಟ್ 26ರಂದು ತೀರಿಕೊಂಡಾಗ ಅವರಿಗೆ 32 ವರ್ಷ. ಪೋಪ್ ಫ್ರಾನ್ಸಿಸ್ ಸಂತ ಪದವಿ ಕೊಟ್ಟದ್ದು 2015ರ ಮೇ 17ರಂದು. ಸಮಾಧಿ ಬೆತ್ಲೆಹೇಮಿನಲ್ಲಿ, ಅವರು ನೀರು ಹೊತ್ತು ಕಟ್ಟಿಸಿದ ಅದೇ ಮಠದಲ್ಲಿದೆ.